ಕಡಲ ಕಲ್ಲು ತೊಳೆದ ಕೈ

ಕೈಗುಣ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ರಾಯದುರ್ಗದ ನಮ್ಮ ಬೀಗರ ಮನೆಯ ಪಡಸಾಲೆಯಲ್ಲಿ, ನನ್ನ ಎದುರಿಗೇ, ಬೀಗಿತಿ ನನ್ನ ಮಗಳಿಗೆ ಅಂದಿದ್ದರು: “ಎಷ್ಟು ಓದಿದ್ರೇನವ್ವ, ಕೈಗುಣ ಬೇಕು. ನಿನ್ನ ಕೈಯಾಗ ಒಂದು ಜೀವ ಉಳೀಲಿಲ್ಲ.” ಅವರು ಬೆರಳು ತೋರಿಸಿದ ಕಡೆ ದೊಡ್ಡದೊಂದು ಗಾಜಿನ ತೊಟ್ಟಿ ಇತ್ತು. ಅದರ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಮೀನು ಮಗ್ಗುಲಾಗಿ ತೇಲುತ್ತಿದ್ದವು. ಹಿಂದಿನ ವಾರ ಹೂವಿನ ಹಾಗೆ ಅರಳಿದ್ದ ಹವಳಗಳು ಲೋಳೆಯಾಗಿ ಕಲ್ಲಿನಿಂದ ಜಾರಿದ್ದವು.

ನನ್ನ ಮಗಳ ಕೈಗುಣ ಅವರಿಗೇನು ಗೊತ್ತು? ನಾವು ಮಡಕಶಿರಾ ಕಡೆಯ ಹಳ್ಳಿಯವರು, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಮೊಟ್ಟೆಯೊಡೆದು ಆಗಷ್ಟೇ ಹೊರಬಂದ, ಇರುವೆಗಿಂತ ಸಣ್ಣ ಹುಳುವನ್ನು ನಾವು ಚಾಕಿ ಎನ್ನುತ್ತೇವೆ. ಅದನ್ನು ಬದುಕಿಸಿಕೊಂಡರೆ ಅರ್ಧ ಬೆಳೆ ಗೆದ್ದ ಹಾಗೆ. ಲಂಗ ಉಡುವ ವಯಸ್ಸಿನಲ್ಲೇ ನನ್ನ ಮಗಳು ಎಳೆ ಸೊಪ್ಪನ್ನು ದಾರದಷ್ಟು ಸಣ್ಣಗೆ ಹೆಚ್ಚಿ, ಹುಳುವಿನ ಮೇಲೆ ಭಾರ ಬೀಳದ ಹಾಗೆ ಉದುರಿಸುತ್ತಿದ್ದಳು. ಊರಿನವರು ನಮ್ಮ ಬಾಗಿಲಿಗೆ ಬಂದು, “ನಿಮ್ಮ ಹುಡುಗೀನ ಒಂದ್ ಗಳಿಗೆ ಕಳ್ಸಣ್ಣ, ಮೊದ್ಲನೇ ಸೊಪ್ಪು ಅವಳ ಕೈಲೇ ಹಾಕ್ಸಾನ” ಎಂದು ಕರೆದುಕೊಂಡು ಹೋಗುತ್ತಿದ್ದರು. ಅಂಥ ಕೈ ಅದು.

ಇದನ್ನೆಲ್ಲ ಅವತ್ತು ಆ ಪಡಸಾಲೆಯಲ್ಲಿ ನಾನು ಹೇಳಬಹುದಿತ್ತು. ಹೇಳಲಿಲ್ಲ. ಚಹಾದ ಲೋಟ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಆ ತೊಟ್ಟಿಯ ಜೀವಗಳನ್ನು ಕೊಂದವನು ನಾನೇ. ಮಗಳು ತಲೆ ತಗ್ಗಿಸಿ ನನ್ನ ತಪ್ಪನ್ನು ಕೇಳಿಸಿಕೊಳ್ಳುತ್ತಿದ್ದಳು, ನಾನು ಚಹಾ ಕುಡಿಯುತ್ತಿದ್ದೆ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ನಾನು ಹತ್ತನೇ ತರಗತಿಯವರೆಗೆ ಓದಿದವನು, ಅಷ್ಟು ಬರೆಯಲು ಬರುತ್ತದೆ.

ಬೀಗರು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ್ ಆಗಿದ್ದವರು. ಜೀವನವಿಡೀ ನೀಲಿ ಬಟ್ಟೆ ಕತ್ತರಿಸಿದ ಮನುಷ್ಯ, ನಿವೃತ್ತರಾದ ಮೇಲೆ ಯಾರದೋ ಮದುವೆಗೆಂದು ಬೆಂಗಳೂರಿಗೆ ಹೋದಾಗ ಹೋಟೆಲಿನಲ್ಲಿ ಕಡಲ ತೊಟ್ಟಿ ನೋಡಿ ಬಂದರು. ಹವಳ, ಬಣ್ಣದ ಮೀನು, ನೀಲಿ ಬೆಳಕು. ಆಮೇಲೆ ಅವರಿಗೆ ಬೇರೆ ಮಾತೇ ಇಲ್ಲ. ಸಮುದ್ರ ಎಲ್ಲಿ, ರಾಯದುರ್ಗ ಎಲ್ಲಿ! ಬೀದಿಯವರು ನಕ್ಕರು. “ಭೈರವಾನಿತಿಪ್ಪ ಡ್ಯಾಮಿನಾಗಿಂದ ನಾಕು ಮೀನು ತಂದು ಬಿಡ್ರಿ ಮಾಸ್ತರೆ, ಬ್ಯಾಸರಾದ್ರ ಸಾರರ ಮಾಡಬೋದು” ಎಂದು ಪಕ್ಕದ ಮನೆಯವರು ಚೇಷ್ಟೆ ಮಾಡಿದರು. ಬೀಗರು ಜಗ್ಗಲಿಲ್ಲ.

ತೊಟ್ಟಿ ತಂದುಕೊಟ್ಟ ಅಂಗಡಿಯವನನ್ನು ನೆನೆದರೆ ಇನ್ನೊಂದು ಸಿಟ್ಟು. ಅವನು ಒಂದೇ ದಿನದಲ್ಲಿ ಗಾಜು ನಿಲ್ಲಿಸಿ, ಮರಳು ಹರಡಿ, ಕಲ್ಲು ಜೋಡಿಸಿ, ಪೊಟ್ಟಣದ ಉಪ್ಪು ಕಲಸಿದ ನೀರು ತುಂಬಿ, ಆ ನೀರು ತಿಳಿಯಾಗುವ ಮೊದಲೇ ಮೀನು ಬಿಟ್ಟು ಹೋದ. ಹೊಸ ನೀರಿಗೆ ಮೀನಿನ ಹೊಲಸನ್ನು ಅರಗಿಸಿಕೊಳ್ಳುವ ಶಕ್ತಿ ಇರುವುದಿಲ್ಲವಂತೆ. ಕಣ್ಣಿಗೆ ಕಾಣದ ಒಳ್ಳೆಯ ಕ್ರಿಮಿಗಳು ಕಲ್ಲಿನಲ್ಲಿ ಮನೆ ಮಾಡಿದ ಮೇಲೆ, ವಾರಗಟ್ಟಲೆ ಕಾದು, ಒಂದೊಂದೇ ಮೀನು ಬಿಡಬೇಕಂತೆ. ಮಾರುವವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾಯಿರಿ ಎಂದರೆ ಮೀನು ಮಾರಾಟವಾಗುವುದಿಲ್ಲ, ಅದೂ ಗೊತ್ತಿತ್ತು. ಸುಣ್ಣ ಆರದ ಮನೆಗೆ ಹುಳು ತರುವ ರೈತ ನಮ್ಮಲ್ಲಿ ಒಬ್ಬನೂ ಇಲ್ಲ. ಆ ಮೀನುಗಳು ಸತ್ತವು. ಫೋನ್ ಮಾಡಿದರೆ, “ನಿಮ್ಮ ನೀರೇ ಸರಿಯಿಲ್ಲ ಸಾರ್” ಎಂದು ಔಷಧಿ ಕಳಿಸಿದ, ಮತ್ತೆ ಮೀನೂ ಹವಳವೂ ಮಾರಿದ.

ಆಮೇಲೆ ಬೇಸಿಗೆ ಬಂತು. ರಾಯದುರ್ಗದ ಬಿಸಿಲಿಗೆ ತೊಟ್ಟಿಯ ನೀರು ದಿನದಿನಕ್ಕೂ ಇಳಿಯಿತು. ಇಳಿದಷ್ಟಕ್ಕೂ ಬೀಗರು ಮತ್ತೆ ಉಪ್ಪು ಕಲಸಿದ ನೀರನ್ನೇ ಸುರಿದರು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಚೌಳು ಹತ್ತಿ ಬೆಳ್ಳಗಾದ ಹೊಲ ಈ ಸೀಮೆಯಲ್ಲಿ ಯಾರು ನೋಡಿಲ್ಲ? ಆದರೂ ಗಾಜಿನೊಳಗೆ ಅದೇ ನಡೆಯುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ನನ್ನ ಮಗಳಿಗೆ. ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅವಳು ವಿಜ್ಞಾನ ಹೇಳಿಕೊಡುತ್ತಾಳೆ. ಇಳಿದ ನೀರಿಗೆ ಉಪ್ಪಿಲ್ಲದ ಶುದ್ಧ ನೀರನ್ನೇ ಹಾಕಬೇಕು, ಅದೂ ಬೋರಿನ ನೀರಲ್ಲ, ಫಿಲ್ಟರ್ ನೀರಿನ ಕ್ಯಾನ್ ತರಿಸಬೇಕು ಎಂದಳು. ಉಪ್ಪು ಅಳೆಯುವ ಸಾಧನ ತರಿಸಿದಳು. ಒಂದು ಮಳೆಗಾಲ, ಒಂದು ಚಳಿಗಾಲ ಅದರ ಹಿಂದೆ ಬಿದ್ದು ತೊಟ್ಟಿಯನ್ನು ಬದುಕಿಸಿದಳು. ಹವಳ ಅರಳಿತು. ಬಂದವರಿಗೆಲ್ಲ ಬೀಗರು, “ನಮ್ಮ ಸೊಸಿ ಮಾಡ್ಯಾಳ ನೋಡ್ರಿ” ಎಂದು ತೋರಿಸುತ್ತಿದ್ದರು. ಆ ಮನೆಯಲ್ಲಿ ನನ್ನ ಮಗಳಿಗೆ ತನ್ನದು ಎಂಬ ಒಂದು ಜಾಗ ಸಿಕ್ಕಿದ್ದು ಆ ತೊಟ್ಟಿಯಿಂದ. ನಾನು ಕಿತ್ತುಕೊಂಡದ್ದು ಅದನ್ನು.

ಬಳ್ಳಾರಿಯಲ್ಲಿ ನನ್ನ ಒಂದು ಕಣ್ಣಿನ ಪೊರೆ ತೆಗೆದರು. ಹೊತ್ತು ಹೊತ್ತಿಗೆ ಹನಿ ಹಾಕಲು ಜನ ಬೇಕು ಎಂದು ಮಗಳು ನನ್ನನ್ನು ರಾಯದುರ್ಗಕ್ಕೇ ಕರೆದುಕೊಂಡು ಹೋದಳು. ಮಗಳನ್ನು ಕೊಟ್ಟ ಮನೆಯಲ್ಲಿ ಹಾಸಿಗೆ ಹಾಸಿ ಉಳಿಯುವುದು ನನ್ನಂಥವನಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಸುಮ್ಮನೆ ಉಂಡು ಮಲಗುವುದು ಹೇಗೆ? ಏನಾದರೂ ಕೆಲಸ ಮಾಡಿಕೊಡಬೇಕು ಎಂದು ಕೈ ತುರಿಸುತ್ತಿತ್ತು. ಮಾಡಲು ಏನೂ ಇರಲಿಲ್ಲ. ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೂತೆ. ಮೀನಿಗೆ ಕಾಳು ಹಾಕುವುದನ್ನು ನೋಡಿ, ಇಷ್ಟೇನಾ ಎನಿಸಿತು. ಹೊಟ್ಟೆ ತುಂಬದ ಹುಳು ಗೂಡು ಕಟ್ಟುವುದಿಲ್ಲ ಎಂದು ಕಲಿತ ಕೈ ನನ್ನದು. ಯಾರೂ ಇಲ್ಲದಾಗ ನಾನೂ ಚಿಟಿಕೆ ಚಿಟಿಕೆ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಬೀಗಿತಿ ಕೂಗಿಕೊಂಡರು. “ಅಯ್ಯಯ್ಯ, ಸೀಗಡಿ ಸತ್ತೈತ್ರಿ!”

ಬೀಗರು ಮೀನು ಎತ್ತುವ ಜಾಳಿಗೆ ಹಿಡಿದು ಓಡಿ ಬಂದರು. ತೊಟ್ಟಿಯಲ್ಲಿ ಕೆಂಪು ಪಟ್ಟೆಯ ಒಂದು ಸೀಗಡಿ ಇತ್ತು, ಅದು ಮರಳಿನ ಮೇಲೆ ಅಲುಗಾಡದೆ ಬಿದ್ದಿತ್ತು. ನನ್ನ ಹೊಸ ಕಣ್ಣಿಗೆ ಎಲ್ಲ ಚೊಕ್ಕವಾಗಿ ಕಾಣುತ್ತಿತ್ತು. ಬಿದ್ದದ್ದು ಸೀಗಡಿಯಲ್ಲ, ಅದರ ಅಂಗಿ. ಬೆನ್ನ ಮೇಲೆ ಸೀಳಿತ್ತು, ಒಳಗೆ ಖಾಲಿ.

“ಸತ್ತಿಲ್ಲ ಬಿಡ್ರಿ ಬೀಗ್ರೆ, ಜ್ವರದಿಂದ ಎದ್ದೈತೆ” ಎಂದೆ. ಹುಳು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಅದು ಮೇವು ಮುಟ್ಟುವುದಿಲ್ಲ, ನಾವೂ ಅದನ್ನು ಮುಟ್ಟುವುದಿಲ್ಲ.

“ಜ್ವರಾ? ಥರ್ಮಾಮೀಟರ್ ಎಲ್ಲಿ ಇಡ್ತೀರಿ ಬೀಗ್ರ, ಬಗಲಾಗೋ ಬಾಲದಾಗೋ?” ಎಂದು ಬೀಗರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಸೀಗಡಿ ಮೀಸೆ ತಿರುವುತ್ತ ಕಲ್ಲಿನ ಹಿಂದಿನಿಂದ ಬಂತು. ಬೀಗರು ಚಪ್ಪಾಳೆ ತಟ್ಟಿ, “ನೀವು ಹುಳದ ಡಾಕ್ಟರ್ ಅದೀರಿ ಬಿಡ್ರಿ! ನಮ್ಮ ಅಂಗಡಿಯವಗ ಇಷ್ಟು ಗೊತ್ತಿದ್ದಿಲ್ಲ” ಎಂದರು. ಆ ಒಂದು ಮಾತಿಗೆ ನಾನು ಹಿಗ್ಗಿಹೋದೆ. ಮಗಳು ಮಾತ್ರ ಕಣ್ಣಿಗೆ ಹನಿ ಹಾಕುತ್ತ, “ಅದೊಂದು ಗೊತ್ತಾಯ್ತು ಅಂತ ಎಲ್ಲಾ ಗೊತ್ತಾಯ್ತು ಅಂದ್ಕಬ್ಯಾಡಪ್ಪ. ನೀರಿಗೆ ಕೈ ಹಾಕ್ಬ್ಯಾಡ. ಕಣ್ಣಿಗೂ ಒಳ್ಳೇದಲ್ಲ, ತೊಟ್ಟಿಗೂ ಒಳ್ಳೇದಲ್ಲ” ಎಂದಳು. ಅಪ್ಪನಿಗೆ ಬುದ್ಧಿ ಹೇಳುತ್ತಾಳೆ ಎಂದು ನನಗೆ ಒಳಗೊಳಗೇ ಕೋಪ ಬಂತು.

ಅದೇ ವಾರ ಬೀಗರು, ಬೀಗಿತಿ, ಅಳಿಯ ಮೂವರೂ ಬಳ್ಳಾರಿಗೆ ನೆಂಟರ ಮದುವೆಗೆ ಹೊರಟರು. ಮಗಳಿಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ, ಅವಳು ಉಳಿದಳು. “ತೊಟ್ಟಿ ನಿನ್ನ ಮ್ಯಾಲೈತವ್ವ” ಎಂದು ಬೀಗರು ಹೇಳಿಯೇ ಬಸ್ಸು ಹತ್ತಿದರು.

ಸಂಜೆ ತೊಟ್ಟಿಯ ದೀಪ ಆರಿದ ಮೇಲೆ ನಾನು ಗಾಜಿಗೆ ಮುಖ ಇಟ್ಟು ನೋಡಿದೆ. ಕಲ್ಲಿನ ತೂತುಗಳಿಂದ ಹುಳು ಬರುತ್ತಿದ್ದವು. ಗುಲಾಬಿ ಬಣ್ಣ, ಉದ್ದುದ್ದ, ಎರಡೂ ಮಗ್ಗುಲಿಗೆ ಬಿಳಿ ರೋಮ. ಮರಳಿನ ಮೇಲೆ ಕಂದು ಬಣ್ಣದ ಪಾಚಿ. ಹುಳುಮನೆಯಲ್ಲಿ ಇಂಥದ್ದು ಕಂಡರೆ ಅದು ರೋಗ, ಬೆಳೆ ಹೋದ ಹಾಗೆಯೇ. ಆಗ ನಾವು ಮಾಡುವುದು ಒಂದೇ: ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ನೆಲ, ಗೋಡೆ ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕುವುದು. ಅದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. ಕೈ ತಾನಾಗಿ ಮಾಡುತ್ತದೆ.

ಆ ಹುಳುಗಳು ತೊಟ್ಟಿಯ ಕಸ ತಿಂದು ಬದುಕುವ ಸಾಧು ಜೀವಗಳು ಎಂದು ಈಗ ಗೊತ್ತು. ಕಂದು ಪಾಚಿ ತಾನಾಗಿ ಬಂದು ತಾನಾಗಿ ಹೋಗುತ್ತದೆ ಎಂದೂ ಗೊತ್ತು. ಬಹುಶಃ ಅದು ಹೆಚ್ಚಿದ್ದು ನಾನು ಕದ್ದು ಹಾಕಿದ ಕಾಳಿನಿಂದಲೇ. ಆದರೆ ಗೊತ್ತಿರಲಿಲ್ಲ ಎಂದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಗೊತ್ತಿದ್ದವಳು ಅಲ್ಲೇ ಒಳಗೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಳು. ಕೇಳಿದರೆ ಬೇಡ ಎನ್ನುತ್ತಾಳೆ ಎಂದೇ ಕೇಳಲಿಲ್ಲ.

ಮರುದಿನ ಅವಳು ಶಾಲೆಗೆ ಹೋದ ಮೇಲೆ, ಹವಳವಿದ್ದ ಕಲ್ಲುಗಳನ್ನು ಬಿಟ್ಟು ಮಿಕ್ಕ ಕಲ್ಲುಗಳನ್ನೆಲ್ಲ ಒಂದೊಂದಾಗಿ ಬಚ್ಚಲಿಗೆ ಒಯ್ದೆ. ನೆಲದೊಳಗಿನ ನೀರಿನ ಸಂಪಿಗೆ ಹಾಕಲು ಇಟ್ಟಿದ್ದ ಬ್ಲೀಚಿಂಗ್ ಪೌಡರ್ ಬಕೀಟಿನಲ್ಲಿ ಕಲಸಿ, ಕಲ್ಲುಗಳನ್ನು ಅದರಲ್ಲಿ ಮುಳುಗಿಸಿಟ್ಟು, ಬಟ್ಟೆ ತೊಳೆಯುವ ಬ್ರಷ್ಷಿನಿಂದ ಉಜ್ಜಿದೆ. ಹುಳುಗಳು ಸುರುಳಿಯಾಗಿ ಮೋರಿಗೆ ಬಿದ್ದವು. ಕಲ್ಲುಗಳು ಹಲ್ಲಿನ ಹಾಗೆ ಬೆಳ್ಳಗಾದವು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಎಲ್ಲವನ್ನೂ ವಾಪಸ್ಸು ಜೋಡಿಸಿ, ವಾಸನೆ ಹೋಗಲೆಂದು ಕಿಟಕಿ ತೆಗೆದು ಊದುಬತ್ತಿ ಹಚ್ಚಿದೆ. ಕುರ್ಚಿಯಲ್ಲಿ ಕೂತು ನೋಡಿದಾಗ ನನಗೆ ಎಷ್ಟು ಸಮಾಧಾನವಾಯಿತು! ಉಂಡ ಅನ್ನಕ್ಕೆ ಒಂದು ಕೆಲಸ ಮಾಡಿದೆ ಅನ್ನಿಸಿತು.

ಸಂಜೆ ಮಗಳು ಬಂದಳು. ಬ್ಯಾಗು ಹೆಗಲಿನಿಂದ ಇಳಿಸದೆ ತೊಟ್ಟಿಯ ಎದುರು ನಿಂತಳು.

“ಕಲ್ಲು ಬೆಳ್ಳಗಾಗೈತಲ್ಲಪ್ಪ?”

“ಲೈಟಿಗೆ ಅಂಗೆ ಕಾಣ್ತೈತೇನೋ” ಎಂದೆ.

ಮೀನುಗಳು ಆಗಲೇ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅವಳು ಬ್ಯಾಗು ಕೆಳಗೆ ಹಾಕಿದಳು. ಸೀರೆ ಸಿಕ್ಕಿಸಿಕೊಂಡು ನೀರು ತೆಗೆದಳು, ಮನೆಯಲ್ಲಿದ್ದ ಕ್ಯಾನುಗಳ ನೀರಿಗೆ ಉಪ್ಪು ಕಲಸಿ ಹಾಕಿದಳು, ಕ್ಯಾನುಗಳು ಮುಗಿದವು. ನಾನು ಪಕ್ಕದಲ್ಲಿ ನಿಂತು, “ಆ ಅಂಗಡಿಯೋನು ಕಲ್ಲೇ ಸರಿಯಿಲ್ದಂಗೆ ಕೊಟ್ಟವ್ನೆ” ಎಂದು ಬೈಯುತ್ತಿದ್ದೆ. ಎಂಥ ನಾಲಗೆ ನನ್ನದು! ಅಂಗಡಿಯವನ ಪಾಪ ಅವನಿಗಿರಲಿ, ಕಲ್ಲಿನ ಮಟ್ಟಿಗೆ ಅವನು ಮೋಸ ಮಾಡಿರಲಿಲ್ಲ. ಅವು ಒಳ್ಳೆಯ ಕಲ್ಲುಗಳು. ಇಡೀ ತೊಟ್ಟಿ ಉಸಿರಾಡುತ್ತಿದ್ದುದೇ ಅವುಗಳಿಂದ.

ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ಮಧ್ಯಾಹ್ನ ಬೀಗರು ಮದುವೆಯ ತಾಂಬೂಲದ ಚೀಲ ಹಿಡಿದು ಒಳಗೆ ಬಂದರು. ಮಗಳು, “ನೋಡ್ಕಳ್ಳೋದ್ರಾಗ ನನ್ನಿಂದ ತಪ್ಪಾತ್ರಿ ಮಾವ” ಎಂದಳು. ಬೀಗರು ಚೀಲ ಕೆಳಗಿಟ್ಟು ಹೊರಗೆ ಹೋದರು. ಆಗಲೇ ಬೀಗಿತಿ ಆ ಕೈಗುಣದ ಮಾತು ಆಡಿದ್ದು.

ನಾನು ಊರಿಗೆ ಬಂದೆ. ಬಂದ ಮೇಲೆ ಸಿಟ್ಟು ಹೆಚ್ಚಿತೇ ಹೊರತು ಇಳಿಯಲಿಲ್ಲ. ಅಳಿಯ ಒಮ್ಮೆ ಬಂದಾಗ ಮಾತಿಗೆ ಮಾತು ಬಂದು ಹೇಳಿದ: ಈಗ ಮನೆಯಲ್ಲಿ ಹಾಲು ಒಡೆದರೂ ಅಮ್ಮ ಕೈಗುಣ ಎನ್ನುತ್ತಾಳೆ, ಕರಿಬೇವಿನ ಗಿಡ ಒಣಗಿದರೂ ಕೈಗುಣ ಎನ್ನುತ್ತಾಳೆ. ಅವನು ನಗುತ್ತ ಹೇಳಿದ, ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಇದು ಯಾವ ನ್ಯಾಯ? ಹತ್ತಿರ ಹತ್ತಿರ ಒಂದು ವರ್ಷ ಕಾಪಾಡಿದ್ದು ಯಾರ ಲೆಕ್ಕಕ್ಕೂ ಇಲ್ಲ, ಒಂದು ದಿನ ಸತ್ತದ್ದು ಜನ್ಮಕ್ಕೆಲ್ಲ ಅಂಟಿತು. ಮೀನು ತಂದವರು ಗಂಡಸರು, ಉಪ್ಪು ಸುರಿದವರು ಗಂಡಸರು, ಕಲ್ಲು ತೊಳೆದವನು ಗಂಡಸು, ಕೈಗುಣ ಕೆಟ್ಟದ್ದು ಮಾತ್ರ ಹೆಂಗಸಿನದು. ಹೀಗೆಲ್ಲ ಮನಸ್ಸಿನಲ್ಲೇ ಕೂಗಾಡುತ್ತಿದ್ದೆ. ಬಾಯಿ ತೆಗೆದು, “ಅದು ನಾನಪ್ಪ” ಎಂದು ಅಳಿಯನಿಗೆ ಹೇಳಲಿಲ್ಲ. ಇನ್ನೊಂದು ಕಣ್ಣಿನ ಆಪರೇಷನ್ನನ್ನೂ ಮುಂದಕ್ಕೆ ಹಾಕುತ್ತ ಬಂದೆ. ಮತ್ತೆ ಆ ಪಡಸಾಲೆಯಲ್ಲಿ ಹೋಗಿ ಕೂರುವುದು ಯಾವ ಮುಖ ಇಟ್ಟುಕೊಂಡು?

ಹೊಸ ಬೆಳೆಗೆ ಮುಂಚೆ ಹುಳುಮನೆ ತೊಳೆಯುತ್ತಿದ್ದ ದಿನವೇ ಮಗಳು ಊರಿಗೆ ಬಂದಳು. ನಾನು ಬಕೀಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸುತ್ತಿದ್ದೆ. ಅವಳು ಬಾಗಿಲಲ್ಲಿ ಸೆರಗನ್ನು ಮೂಗಿಗೆ ಹಿಡಿದು ನಿಂತಳು.

“ಇನ್ನೊಂದು ಕಣ್ಣಿಗೆ ಯಾವಾಗ ಬತ್ತೀಯಪ್ಪ?”

“ನೋಡಾನ ಬಿಡವ್ವ.”

“ಯಾಕೆ? ಬಚ್ಚಲಾಗೆ ಬಕೀಟು ಕಾಣ್ತೈತಾ?”

ನನ್ನ ಕೈಯ ಕೋಲು ನಿಂತಿತು.

“ಹುಟ್ಟಿದಾಗ್ಲಿಂದ ಈ ವಾಸ್ನೇಲಿ ಬೆಳ್ದಿದೀನಿ. ಊದುಬತ್ತಿ ಹಚ್ಚಿದ್ರೆ ಗೊತ್ತಾಗಲ್ಲ ಅಂದ್ಕಂಡಿದ್ದ?”

“ಗೊತ್ತಿದ್ದೂ ಯಾಕೆ ನಿನ್ ತಲೆ ಮ್ಯಾಲೆ ಹಾಕ್ಕಂಡೆ? ಅವ್ರು ಅಂದಿದ್ದೆಲ್ಲ ಯಾಕೆ ಅನ್ನಿಸ್ಕಂಡೆ?” ನಾನು ಕೂಗಿದೆ. ತಪ್ಪು ಮಾಡಿದವನು ನಾನು, ಸಿಟ್ಟು ಮಾಡಿದವನೂ ನಾನೇ.

“ಹೇಳಿದ್ರೆ ನೀನು ಮತ್ತೆ ಆ ಮನೆ ಹೊಸ್ಲು ತುಳೀತಿದ್ದಾ? ಒಂದೇ ಕಣ್ಣು ಆಗಿತ್ತು. ಇನ್ನೊಂದು ಬಾಕಿ ಇತ್ತು. ಅದೂ ಆಗ್ಲಿ ಅಂತ ಸುಮ್ನಿದ್ದೆ. ನೀನು ನೋಡಿದ್ರೆ ಬರೋದೇ ಬಿಟ್ಟೆ.” ಆಮೇಲೆ ಮೆಲ್ಲಗೆ, “ನೀನೇ ಹೇಳ್ತೀಯ ಅಂತನೂ ಕಾದೆ” ಎಂದಳು.

ಬಕೀಟನ್ನು ಅಲ್ಲೇ ಬಿಟ್ಟು ಕೈಕಾಲು ತೊಳೆದೆ. ಮಾರನೆಯ ಬೆಳಿಗ್ಗೆ ಇಬ್ಬರೂ ರಾಯದುರ್ಗದ ಬಸ್ಸು ಹತ್ತಿದೆವು.

ಬೀಗರ ಅಂಗಳದಲ್ಲಿ ತುಳಸಿ ಕಟ್ಟೆಯ ಸುತ್ತ ಆ ಕಲ್ಲುಗಳನ್ನು ಜೋಡಿಸಿದ್ದರು. ನಾನು ಉಜ್ಜಿದ ಕಲ್ಲುಗಳು, ಬಿಸಿಲಿಗೆ ಕಣ್ಣು ಕೋರೈಸುವ ಹಾಗೆ ಬೆಳ್ಳಗೆ. ಬೀಗಿತಿ ನೀರಿನ ಚೊಂಬು ಹಿಡಿದು ಬಂದರು, ಹಿಂದೆಯೇ ಬೀಗರೂ ಬಂದರು. ಚೊಂಬು ತೆಗೆದುಕೊಳ್ಳದೆ, ನಿಂತಲ್ಲೇ ಇಬ್ಬರಿಗೂ ಹೇಳಿದೆ: ಕಲ್ಲು ತೊಳೆದದ್ದು ನಾನು, ಬ್ಲೀಚಿಂಗ್ ಹಾಕಿದ್ದು ನಾನು, ಅವಳು ಕೇಳಿದಾಗ ಸುಳ್ಳು ಹೇಳಿದ್ದೂ ನಾನು.

ಬೀಗರ ಮುಖ ಕೆಂಪಾಯಿತು. “ಡಾಕ್ಟರ್ ಅಂದಿದ್ದೆ ನಿಮಗ! ಡಾಕ್ಟರ್! ಮೀನಿಗೆ ಯಾರರ ಬ್ಲೀಚಿಂಗ್ ಕುಡಿಸ್ತಾರೇನ್ರಿ?” ಎಂದು ಎಗರಾಡಿದರು. ಎಗರಾಡಿದ್ದು ಒಳ್ಳೆಯದಾಯಿತು. ನಡುವೆ ಸೊಸೆಯ ಕಡೆ ಕಣ್ಣು ಹೋಯಿತು. “ಏನವ್ವ, ನೀನರ ಹೇಳಬಾರದಾ?” ಎಂದರು. ಧ್ವನಿ ಬೇರೆಯಾಗಿತ್ತು.

ಬೀಗಿತಿ ನನ್ನನ್ನೇ ನೋಡುತ್ತಿದ್ದರು. “ನಾ ಆ ಮಾತು ಅಂದಾಗ ನೀವು ಇಲ್ಲೇ ನಿಂತಿದ್ರಿ. ಆಗ ಹೇಳಬೇಕಿತ್ರಿ ಬೀಗ್ರ. ನನ್ನ ಬಾಯಾಗ ಇಷ್ಟು ದಿನ ಆ ಮಾತು ಯಾಕ ಬಿಟ್ರಿ?” ಎಂದರು. ಮಗಳ ಹತ್ತಿರ ಅವರು ತಪ್ಪಾಯಿತು ಎನ್ನಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರು ನನ್ನನ್ನು ಕೇಳಿದ್ದು ಸರಿಯಾಗಿಯೇ ಇತ್ತು.

ಈಗ ಎರಡನೇ ಕಣ್ಣೂ ಆಗಿದೆ. ಇದನ್ನು ಬರೆಯುತ್ತಿರುವುದು ಅದೇ ಪಡಸಾಲೆಯಲ್ಲಿ, ಅದೇ ಕುರ್ಚಿಯಲ್ಲಿ ಕೂತು. ಬೀಗರೇ ಹೋಗಿ ಹೊಸ ಕಲ್ಲು ತಂದರು, ಸೊಸೆಗೆ “ಹೆಂಗ ಬೇಕೋ ಹಂಗ ಮಾಡವ್ವ” ಎಂದರು. ಅವಳು ಮೀನು ಬಿಟ್ಟಿಲ್ಲ. ಉಪ್ಪು ನೀರು, ಮರಳು, ಕಲ್ಲು, ಅಷ್ಟೇ. ಬರೀ ಕಾಯುವ ಕೆಲಸ. ನನಗೆ ಅಪ್ಪಣೆಯಾಗಿದೆ: ತೊಟ್ಟಿಯ ನೀರು ಇಳಿದಷ್ಟಕ್ಕೆ ಸಪ್ಪೆ ನೀರನ್ನು ಲೋಟದಿಂದ ಹಾಕುವುದು, ಮಿಕ್ಕ ಹೊತ್ತು ಕೈ ತೊಡೆಯ ಮೇಲೆ ಇಟ್ಟುಕೊಳ್ಳುವುದು. ಮರಳಿನ ಮೇಲೆ ಕಂದು ಪಾಚಿ ಬಂದಿದೆ. ಗಾಜಿಗೂ ಹತ್ತಿದೆ. ನೋಡಿದಾಗಲೆಲ್ಲ ನನ್ನ ಬೆರಳು ತುರಿಸುತ್ತದೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಬಂದರು. “ಏನ್ರಿ ಯಜಮಾನ್ರ, ಖಾಲಿ ತೊಟ್ಟಿ ಕಾಯಾಕ ಕೂಡಿಸ್ಯಾರ ನಿಮ್ಮನ್ನ? ಇಷ್ಟು ಹೊಲಸು ಮಾಡಿಟ್ಟಾರಲ್ಲ” ಎಂದು ಹೆಗಲ ಮೇಲಿನ ಟವೆಲು ತೆಗೆದು, ತೋಳು ಏರಿಸಿ, ಗಾಜಿನ ಒಳಗಡೆ ಒರೆಸಲು ಬಾಗಿದರು.

“ಕೈ ತಗೀರಿ!” ನಾನು ಕೂಗಿದ ರಭಸಕ್ಕೆ ಬೀಗಿತಿ ಅಡುಗೆಮನೆಯಿಂದ ಓಡಿ ಬಂದರು. “ಖಾಲಿ ಇಲ್ಲ ಅದು. ನನ್ ಮಗಳು ಬೆಳೆಸ್ತಾವ್ಳೆ. ಕೈ ತಗೀರಿ ಮೊದ್ಲು!”

ಆ ಮನುಷ್ಯ ಟವೆಲು ಹೆಗಲಿಗೆ ಹಾಕಿಕೊಂಡು, ಮುದುಕನಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡಿ ಹೊರಟುಹೋದರು. ಬೀಗಿತಿ ಒಳಗೆ ಹೋಗಿ ಚಹಾ ತಂದು, ನನ್ನ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಹೋದರು.